ಸ್ನಾನದ ತೊಟ್ಟಿಯಲ್ಲಿ ಇಬ್ಬರು

ಮೂರು ವಾರವಾಯಿತು, ನಮ್ಮ ಸ್ನಾನದ ತೊಟ್ಟಿಯಲ್ಲಿ
ಎರಡು ಆಸ್ಕರ್ ಮೀನು ಸಂಸಾರ ಹೂಡಿ.
ನಾನು ಟವೆಲ್ ಹೆಗಲಿಗೇರಿಸಿ, ಹಿಮ ತುಳಿದು
ಎನ್ಸಿಯೊನ ಸೌನಾಕ್ಕೆ ಹೋಗುತ್ತೇನೆ.
"ಇನ್ನೂ ಒಣಗಿಲ್ಲವೇ?" ಕಾದ ಕಲ್ಲಿಗೆ ನೀರು ಚಿಮುಕಿಸುತ್ತಾನೆ.
"ಇಲ್ಲ." ಕೊಕ್ಕೊಲಾದ ಫೆಬ್ರವರಿಯಲ್ಲಿ
ಅದಕ್ಕಿಂತ ಹೆಚ್ಚು ಮಾತು ಖರ್ಚಾಗುವುದಿಲ್ಲ.

ತೆಲ್ಲೆರ್ವೊ ಮೂವತ್ತೊಂದು ವರ್ಷ
ದೋಣಿ ಕಾರ್ಖಾನೆಯಲ್ಲಿ ರೆಸಿನ್ ಬಳಿದವಳು.
ಒಂದು ದೋಣಿಯನ್ನೂ ಹತ್ತಿದವಳಲ್ಲ;
ಅಲೆ ಕಂಡರೆ ಅವಳಿಗೆ ವಾಕರಿಕೆ.
ಈಗ ಗ್ಯಾರೇಜಿನಲ್ಲಿ ಪ್ಲೈವುಡ್ಡಿನ ಪೆಟ್ಟಿಗೆ, ಎರಡು ಮೀಟರ್.
ಶವಪೆಟ್ಟಿಗೆಯ ಅಳತೆ ಅಂತ ಬಾಯಿಜಾರಿ ಅಂದು
ಎರಡು ದಿನ ನನ್ನ ಕಾಫಿ ನಾನೇ ಮಾಡಿಕೊಂಡೆ.

ಹೀಟರ್ ಹಚ್ಚಿ, ಬಾಗಿಲು ಒಂದು ಗೇಣು ತೆರೆದಿಟ್ಟು
ಮುಖವಾಡದೊಳಗಿಂದ ಗದರುತ್ತಾಳೆ:
"ಹಾರ್ಡನರ್ ಹನಿ ಎಣಿಸಿ ಹಾಕು. ಹೆಚ್ಚಾದರೆ
ಡಬ್ಬಿಯಲ್ಲೇ ಕುದ್ದು ಕಲ್ಲಾಗುತ್ತದೆ,
ಕಡಿಮೆಯಾದರೆ ನಾವು ಸತ್ತ ಮೇಲೂ ಅಂಟಂಟು."
ಗಾಜುನಾರಿನ ಚಾಪೆಯನ್ನು ಕತ್ತರಿಸುವುದಿಲ್ಲ, ಹರಿಯುತ್ತಾಳೆ;
ಹರಿದ ಅಂಚುಗಳೇ ಒಂದಕ್ಕೊಂದು ಬೆರೆಯುವುದಂತೆ.
ಮೂಲೆಗೆ ಒತ್ತಿ, ಮೇಲೆ ಎಳೆಪಾಕದ ಹದದ ರೆಸಿನ್.
ಬೆಳ್ಳಗಿದ್ದ ಚಾಪೆ ನೆನೆದು ನೆನೆದು
ಇಲ್ಲವಾಗುತ್ತದೆ, ಅಡಿಯ ಮರದ ಗೆರೆ ಎದ್ದು ಬರುತ್ತದೆ.
ಬೆಳ್ಳಗೆ ಉಳಿದಲ್ಲಿ ಗಾಳಿ.
ಗಾಳಿಯಿದ್ದಲ್ಲಿ, ಒಂದು ದಿನ, ನೀರು.

ಮೊಣಕೈತನಕ ಕೆರೆತ.
"ಬಿಸಿನೀರು ತಾಕಿಸಬೇಡ, ನಾರು ಒಳಗಿಳಿಯುತ್ತದೆ"
ಅಂತ ಹೇಳಿದ್ದು
ನಾನು ಸೌನಾದಿಂದ ಬಂದ ಮೇಲೆ.

ಮೂರು ಪದರ. ಉಜ್ಜು. ಮುಂದಕ್ಕೊಂದು ಗಾಜು.
ತುಂಬಿದೆವು, ಚೆಲ್ಲಿದೆವು, ತುಂಬಿದೆವು, ಚೆಲ್ಲಿದೆವು,
ನೀರಿಗೆ ನೀರಿನದೇ ವಾಸನೆ ಬರುವತನಕ.
ನಿನ್ನೆ ಕೊನೆಯ ಬಾರಿ, ಅಡಿಗೆ ಹಳೆಯ ಪತ್ರಿಕೆ ಹಾಸಿ.

ನಡುರಾತ್ರಿ ಹಾಸಿಗೆಯ ಅವಳ ಪಾಲು ತಣ್ಣಗಿತ್ತು.
ಇಳಿದು ಹೋದೆ. ಟಾರ್ಚಿನ ಬೆಳಕಲ್ಲಿ
ಐಸ್ ಹಾಕಿಯ ಅಂಕಪಟ್ಟಿಯ ಮೇಲೆ
ಅಂಗೈಯಗಲ ಒದ್ದೆ.
ಅವಳು ಮಂಡಿಯೂರಿ ಮೂಲೆ ಮೂಲೆ ತಡವುತ್ತಿದ್ದಳು,
ಬೆರಳ ತುದಿಗೆ ಕಣ್ಣು ಮೂಡಿದಂತೆ.
ಮೂವತ್ತೊಂದು ವರ್ಷದಲ್ಲಿ ಯಾರೂ ಬಂದು
ನಿನ್ನ ದೋಣಿ ಸೋರಿತು ಅಂದಿರಲಿಲ್ಲ.
ಸೋರಲಿಲ್ಲ ಅಂತಲೂ.

ಕೊನೆಗೆ ಕೈ ಗಾಜಿನ ಮೇಲೆ ನಿಂತಿತು.
ನಲ್ಲಿಯ ಕೊರೆಯುವ ನೀರು, ಹೀಟರಿನ ಗಾಳಿ:
ಹೊರಮೈ ತುಂಬ ಸಣ್ಣ ಹನಿ.
"ಬೆವರು," ಅಂದಳು. "ಬರೀ ಬೆವರು."
ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

ಮೇಲೆ, ತೊಟ್ಟಿಯಲ್ಲಿ, ಯಾರೋ ಬಾಲ ಬಡಿದ ಸದ್ದು.

"ಪತ್ರಿಕೆ ಬದಲಿಸು," ಅಂದಳು,
"ಇನ್ನೊಂದು ರಾತ್ರಿ ನೋಡೋಣ."
ನಾನು ಟವೆಲ್ ಎಲ್ಲಿಟ್ಟೆನೆಂದು ನೆನಪಿಸಿಕೊಂಡೆ.