ನಿಂತ ಬೆಳಕು

ಕರಾರುಪತ್ರದಲ್ಲಿ ಅದಕ್ಕೆ ಹೆಸರಿರಲಿಲ್ಲ,
‘ಹಿತ್ತಲ ಕಟ್ಟಡ, ಒಂದು’ ಅಂತಷ್ಟೇ.
ಮೂಗಿಗೆ ಗೊತ್ತಾಯಿತು. ಬಾಗಿಲು ತೆಗೆದದ್ದೇ
ಗೋಡಂಬಿ ಹಣ್ಣಿನ ಹಳೇ ಹುಳಿ
ಎದ್ದು ಬಂದು ಎದುರು ನಿಂತಿತು.

ಚೋಡಣ ದ್ವೀಪ. ಫೆರಿಯಲ್ಲಿ ನಾನು ತಂದದ್ದು
ಒಂದು ಈಸೆಲ್, ಸುತ್ತಿದ ಕ್ಯಾನ್ವಾಸು,
ಮೂವತ್ತು ವರ್ಷ ಶಾಲೆಯಲ್ಲಿ
ಮಕ್ಕಳ ಮಾವಿನಕಾಯಿ ತಿದ್ದಿ ತಿದ್ದಿ
ಸವೆದ ಕೈ.

ಇಲ್ಲಿ ಫೆನಿ ಕಾಯಿಸುತ್ತಿದ್ದ ಕಯ್ತಾನ ಈಗಿಲ್ಲ.
ಅವನ ತಾಮ್ರದ ಹಂಡೆ ಕಾಂದೋಳಿಯ ಹೋಟೆಲಿನಲ್ಲಿ
ಹೂಕುಂಡವಾಗಿದೆ.
ಉಳಿದದ್ದು ಮಸಿ, ಮುರಕಲ್ಲಿನ ಗೋಡೆ,
ನಟ್ಟನಡುವೆ ಒಲೆ.

“ಏನು ಬೇಕಾದರೂ ಕೆಡವು, ಹಲ್ಲಿ ಓಡಿಸು,”
ಅವನ ಹೆಂಡತಿ ಎರ್ಮೆಲಿಂದಾ ಬಾಯಿ ಹೇಳಿದರು,
“ಒಲೆ ಇರಲಿ.”
ಯಾಕೆಂದು ಕೇಳಲಿಲ್ಲ. ಬಾಡಿಗೆ ಕಮ್ಮಿಯಿತ್ತು.

ಗೋಡೆ ಒಡೆಯಲು ಬಂದವ ಯಮನಪ್ಪ, ಬಾದಾಮಿ ಕಡೆಯವ.
“ಬಡಗಣಕ್ಕ ಯಾಕ್ರೀ ಟೀಚರ ಕಿಟಕಿ?
ಆ ಕಡಿಂದ ಗಾಳೀನೂ ಇಲ್ಲ, ಬಿಸಲೂ ಇಲ್ಲ.”
“ಬಿಸಿಲು ಬೇಡಪ್ಪ, ಬೆಳಕು ಬೇಕು.
ಬೆಳಗಿನಿಂದ ಸಂಜೆತನಕ ಅಲ್ಲಾಡದೆ ನಿಲ್ಲೋ ಬೆಳಕು.”
ಅವನು ಉಳಿ ಕೆಳಗಿಟ್ಟ.
“ನಿಂತ ನೀರು ಕೇಳೀನಿ. ನಿಂತ ಬೆಳಕೂ ಇರತೈತೇನ್ರೀ?
ಸೊಳ್ಳಿ ಆಗ್ತಾವ ನೋಡ್ರಿ.”

ಮೂರು ದಿನ ಕೆಂಪು ಧೂಳು, ಅನ್ನದಲ್ಲೂ.
ನಾಲ್ಕನೆಯ ದಿನ ಒಂದು ಕಲ್ಲು ಆಚೆ ಬಾಳೆಬುಡಕ್ಕೆ ಬಿತ್ತು.
ಒಳಗೆ ಬಂದದ್ದು ಹೇಳಿಕೊಳ್ಳುವಂಥದ್ದಲ್ಲ,
ತೊಳೆದು ಬೋರಲಿಟ್ಟ ಸ್ಟೀಲು ತಟ್ಟೆಯ ಬಣ್ಣ.
ಯಮನಪ್ಪ ಅದಕ್ಕೆ ಅಂಗೈ ಒಡ್ಡಿದ,
ಮಗುಚಿದ, ಮತ್ತೆ ಒಡ್ಡಿದ.
“ಹಳೇ ಗಾಯ ಎಲ್ಲಾ ಕಾಣ್ತಾವ,” ಅಂದ.
ಕೂಲಿ ಎಣಿಸಿಕೊಂಡು ಕೊನೆಯ ಫೆರಿಗೆ ಹೋದ.

ಹತ್ತು ತಿಂಗಳು ಒಲೆ ಸುತ್ತಿ ಓಡಾಡಿದೆ.
ಹಿಂದೆ ಸರಿದು ಚಿತ್ರ ನೋಡುವಾಗೆಲ್ಲ
ಹಿಮ್ಮಡಿಗೆ ಅದರ ಅಂಚು.
ಹಲಗೆ ಮುಚ್ಚಿದೆ, ಮೇಲೆ ಚಹದ ಲೋಟ ಇಟ್ಟೆ,
ಕುಂಚಗಳನ್ನಿಟ್ಟೆ, ಮರೆತೆ.
ಮಾಂಡವಿಯ ಮೇಲಿನ ಒಂದು ಆಕಾಶ
ಮುಗಿಯದೆ ಕಾಡುತ್ತಿತ್ತು. ಬಿಳುಪು ಹೆಚ್ಚು,
ಮಕ್ಕಳಿಗೆ ಹೇಳುತ್ತಿದ್ದ ತಪ್ಪೇ.

ಏಪ್ರಿಲಿನ ಒಂದು ಬೆಳಗ್ಗೆ ಬಾಯಿ ಬಂದರು,
ಸೊಂಟದಲ್ಲಿ ಮಣ್ಣಿನ ಗಡಿಗೆ, ಹಿಂದೆ ಹುಡುಗನೊಬ್ಬ,
ತಲೆ ಮೇಲೆ ಹಣ್ಣಿನ ರಸದ ಡಬ್ಬಿ.
ಹಲಗೆ ಎತ್ತಿ ಗೋಡೆಗೆ ಒರಗಿಸಿದರು.
“ಒಂದೇ ದಿನ,” ಅಂದರು, ನನಗಲ್ಲ.

ಟರ್ಪೆಂಟೈನು ಹೊರಗಿಟ್ಟು ಬಂದೆ, ನಾನು ಮಾಡಿದ್ದು ಅಷ್ಟೇ.
ಹಸಿ ತೊಗಟೆ, ಹೊಗೆ. ಕಿಟಕಿ ಮೊದಲು ಮಂಕಾಗಿ
ಆಮೇಲೆ ಕಾಣದಾಯಿತು.
ಅವರು ಗಡಿಗೆಯ ಹೊಟ್ಟೆಗೆ ಆಗಾಗ ಕಿವಿ ಕೊಡುತ್ತಿದ್ದರು,
ಗಂಡನ ಹೊಟ್ಟೆನೋವು ಕೇಳಿಸಿಕೊಂಡ ಹಾಗೆ.

ನನ್ನ ಹಸಿ ಆಕಾಶದ ಮೇಲೆ ಮಸಿ ಕೂತಿತು,
ಚುಕ್ಕೆ, ಚುಕ್ಕೆ, ಆಮೇಲೆ ಗುಂಪಾಗಿ,
ಮಳೆಗೆ ಮುಂಚಿನ ಮಾಂಡವಿ ಹಾಗೆ.
ಒರೆಸಲು ಬಟ್ಟೆ ಹಿಡಿದವಳು
ಹಿಡಿದುಕೊಂಡೇ ಕೂತೆ.

ಸಂಜೆ ಮೊದಲ ತೊಟ್ಟನ್ನು ಮುಚ್ಚಳದಲ್ಲಿ ಕೊಟ್ಟರು.
ಕುಡಿಯುವವಳಲ್ಲ ನಾನು. ಬೆರಳದ್ದಿ ಮೂಸಿದೆ.
ಇಬ್ಬರಿಗೂ ಕಣ್ಣು ಉರಿಯುತ್ತಿತ್ತು,
ಒಳ್ಳೆಯ ನೆಪ.
ಅದೊಂದು ರಾತ್ರಿ
ಸೊಳ್ಳೆ ಇರಲಿಲ್ಲ.