ಕ್ಯೂ ಹತ್ತು

ಗುತ್ತಲು ರಸ್ತೆಯಲ್ಲಿ ನನ್ನ ಅಂಗಡಿ.
ಸಂಜೆ ಆರಕ್ಕೆ ಕಬ್ಬಿನ ಟ್ರ್ಯಾಕ್ಟರು ಹಾದರೆ
ಕಪಾಟಿನ ಸಿರಪ್ಪು ಬಾಟಲಿಗಳು
ಕಟಕಟ ಹಲ್ಲು ಕಡಿಯುತ್ತವೆ.

ಅಂಥ ಹೊತ್ತಲ್ಲಿ ಬಂದರು ಕೀಲಾರದ ಕಾಳಿಂಗಯ್ಯ,
ನಾಲ್ಕು ಮೆಟ್ಟಿಲಿಗೆ ಮೂರು ಸಲ ನಿಂತು.
ಬನಿಯನ್ನಿನ ಒಳಜೇಬಿಂದ ಬೆವೆತ ಚೀಟಿ:
ಹೃದಯದ್ದು ನಾಲ್ಕು, ಕೊಬ್ಬಿನದು ಒಂದು,
ಕೊನೆಗೆ, ಬೇಕಿದ್ದರೆ ಎಂಬಂತೆ,
ಅಡ್ಡಗೆರೆಯ ಕೆಳಗೆ
ಕ್ಯೂ ಟೆನ್.

"ಇದ್ಯಾರವ್ವ, ಕ್ಯೂನಲ್ಲಿ ಹತ್ತನೆಯೋನು?
ನ್ಯಾಯಬೆಲೆ ಅಂಗ್ಡೀಲೂ ನಂದು ಅದೇ ನಂಬ್ರು."
ನಕ್ಕೆ. ಆಮೇಲೆ ಬೆಲೆ ಹೇಳಿದೆ.
ಅವರು ನಗಲಿಲ್ಲ.

ಬಿ.ಫಾರ್ಮಾ ಎರಡನೇ ವರ್ಷ ಆ ಚಿತ್ರ ಬರೆದಿದ್ದೆ:
ನಿರಿಗೆ ಹಿಡಿದಂಥ ಒಂದು ಒಳಪೊರೆ,
ಪೊರೆಯೊಳಗೆ ತೇಲುವ ಜಿಡ್ಡಿನ ಕಣ,
ಇತ್ತಲಿಂದ ಎರಡು ಎಲೆಕ್ಟ್ರಾನು ಹೊತ್ತು ಅತ್ತ ಇಳಿಸಿ
ಖಾಲಿ ಕೈಯಲ್ಲಿ ಮತ್ತೆ ಇತ್ತ.
ಹತ್ತಕ್ಕೆ ಏಳು ಬಂತು. ಬಾಣದ ಗುರುತು ತಿರುಗುಮುರುಗಾಗಿತ್ತು.
ಅದನ್ನ ಇವರಿಗೆ ಯಾವ ಬಾಯಲ್ಲಿ ಹೇಳಲಿ?

"ಆಲೆಮನೆ ನೋಡಿದೀರಾ?" ಅಂದುಬಿಟ್ಟೆ.
ಮೂವತ್ತೊಂದು ವರ್ಷ ಅದರ ಒಲೆ ಮುಂದೆ ಕೂತ ಮನುಷ್ಯ
ಮಾತಾಡದೆ ಮುಂಗೈ ಚಾಚಿದರು.
ಒಂದು ಕೂದಲಿಲ್ಲ.

ಆಮೇಲೆ ಪಾಠ ಅವರದೇ:
"ಗಾಣ ತಿರುಗ್ತಾ ಅದೆ, ಕೊಪ್ಪರಿಗೆ ತುಂಬ ಹಾಲು ಅದೆ,
ಕಣದ ತುಂಬ ಒಣಸಿಪ್ಪೆ ಗುಡ್ಡೆ ಬಿದ್ದದೆ.
ಆ ಸಿಪ್ಪೇನ ಒಲೆ ಬಾಯ್ಗೆ ತಂದು ನೂಕೋನು
ಅವತ್ತು ಬರ್ನಿಲ್ಲ ಅನ್ನು.
ಪಾಕ ಏಳಕಿಲ್ಲ ಕಣವ್ವ,
ಎಲ್ಲಾ ಇದ್ದೂ ತಣ್ಣಗೆ ಕೂತಿರ್ತದೆ."

"ಅವನೇ ಇವನು," ಅಂದೆ, ಸ್ಟ್ರಿಪ್ಪು ಎತ್ತಿ ಹಿಡಿದು.
"ಮೈಯೊಳಗೇ ಹುಟ್ಟೋ ಆಳು. ವಯಸ್ಸಾದಂತೆ ಕಮ್ಮಿ ಆಗ್ತಾನೆ.
ಕೊಬ್ಬಿನ ಮಾತ್ರೆ ಅವನ ಕೂಲೀಲಿ ಒಂಚೂರು ಮುರ್ಕೊಳುತ್ತೆ.
ಎಲ್ಲೆಲ್ಲೂ ಇರೋನು ಅಂತಲೇ ಅವನ ದೊಡ್ಡ ಹೆಸರಿನ ಅರ್ಥ."

"ಎಲ್ಲೆಲ್ಲೂ ಇರೋನ್ಗೆ ಆರ್ನೂರ ನಲವತ್ತು ಯಾಕವ್ವ?"

ಈ ಪ್ರಶ್ನೆ ನನ್ನ ಸಿಲಬಸ್ಸಿನಲ್ಲಿರಲಿಲ್ಲ.

"ಕೆಲ್ಸ ಮಾಡ್ತದಾ?"
ಅದಕ್ಕೆ ಉತ್ತರವಾಗಿ ಕಂಪನಿಯ ಹುಡುಗ
ಮಿರುಗುವ ಹಾಳೆಯೊಂದ ಕೊಟ್ಟು ಹೋಗಿದ್ದ:
ಓಡುವ ಗಂಡಸು, ಹಿಂದೆ ಹುಟ್ಟುವ ಸೂರ್ಯ.
ಅದನ್ನು ಬಿಲ್ ಪುಸ್ತಕದಡಿ ಸರಿಸಿ ಹೇಳಿದೆ:
ಕೆಲವರಿಗೆ ಆಯ್ತು ಅಂತಾರೆ, ಕೆಲವರಿಗೆ ಇಲ್ಲ.
ಮಿಕ್ಕ ಐದನ್ನ ಮಾತ್ರ ಬಿಡಬೇಡಿ.
ರಕ್ತ ತೆಳ್ಳಗೆ ಮಾಡೋ ಮಾತ್ರೆ ಬರೆದುಕೊಟ್ಟರೆ
ಡಾಕ್ಟರಿಗೆ ಇದನ್ನೂ ತೋರಿಸಿ.
ಊಟದ ಜೊತೆ ನುಂಗಿ, ಊಟದಲ್ಲಿ ಕೊಂಚ ಜಿಡ್ಡಿರಲಿ.

ಕತ್ತರಿಯಲ್ಲಿ ಐದೇ ಐದು ಕತ್ತರಿಸಿ ಕೊಟ್ಟೆ.
ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು, ಒಳಗೆ ಕಿತ್ತಳೆಗೆಂಪು.
"ಇಳಿಸೋ ಹೊತ್ನಲ್ಲಿ ಪಾಕ ಥೇಟ್ ಇಂಗೇ."

ವಾರಕ್ಕೆ ಐದರಂತೆ ಮೂರು ತಿಂಗಳು.
ನಡುವೆ ಒಂದು ವಾರ ಬರಲಿಲ್ಲ; ಕೇಳಲು ನನ್ನಲ್ಲಿ ನಂಬರಿರಲಿಲ್ಲ.

ಮೊನ್ನೆ ನಾಲ್ಕೂ ಮೆಟ್ಟಿಲು ಒಂದೇ ಸಲಕ್ಕೆ.
ನಾಲೆ ಸೇತುವೆತನಕ ನಡೀತೀನಿ ಅಂದರು.
ಬೀಡಿ ಬಿಟ್ಟಿದ್ದಾರೆ.
ಉಪ್ಪಿನಕಾಯಿ ಭರಣಿಗೆ ಸೊಸೆ ಬೀಗ ಹಾಕಿದ್ದಾಳೆ.
ಕಾಲಿನ ಊತಕ್ಕೆ ದೊಡ್ಡಾಸ್ಪತ್ರೆಯವರು ಮಾತ್ರೆ ಬದಲಿಸಿದ್ದಾರೆ.
ಇಷ್ಟರಲ್ಲಿ ಯಾರ ಹೆಸರಿಗೆ ಬರೆಯಲಿ ಈ ಉಸಿರನ್ನು?

"ಬೆಲ್ಲ ತಿಂದೋರು ಪಾಕ ಹಿಡ್ದೋನ ಹೆಸ್ರು ಕೇಳ್ತಾರೆ,
ಒಲೆಯೋನ್ನ ಯಾವನೂ ಕೇಳಕಿಲ್ಲ," ಅಂದರು,
ಬೇಜಾರಿಲ್ಲದೆ, ಚಿಲ್ಲರೆ ಎಣಿಸುತ್ತ.

ನಾನು ಕತ್ತರಿ ಹುಡುಕುತ್ತಿದ್ದೆ.
"ಬೆಳಗ್ಗಿಂದ ನಿಂತೇ ಇದ್ದೀಯಲ್ಲವ್ವ," ಎಂದವರೇ
ಮುದುಕರಿಗೆಂದು ಹೊರಗಿಟ್ಟ ಸ್ಟೂಲನ್ನು
ಕೌಂಟರಿನ ಬಾಗಿಲಡಿಯಿಂದ
ಕಾಲಲ್ಲಿ ಮೆಲ್ಲಗೆ
ಒಳಕ್ಕೆ ನೂಕಿದರು.