ಸಪ್ಪೆ ಬಯಕೆ

ಉಪ್ಪು ಹಾಕಿಲ್ಲ ಬಿಶಾಖಾ, ಮೊದಲೇ ಹೇಳಿಬಿಡುತ್ತೇನೆ.
ಐದು ಬಗೆ ಕರಿದದ್ದು, ರುಯಿ ಮೀನಿನ ಇಡೀ ತಲೆ,
ಖರ್ಜೂರದ ಬೆಲ್ಲದ ಪಾಯಸ,
ಎಲ್ಲ ಬೆಂದದ್ದು ಆಷಾಢದ ಮಳೆನೀರಲ್ಲಿ.
ಮೂಲೆಯ ಗುಡಾಣಕ್ಕೆ ಬಟ್ಟೆ ಬಿಗಿದು
ಎಂಟು ತಿಂಗಳು ಕಾದೆ. ನಿನ್ನ ಮಾವನಿಗೂ ಕೊಡಲಿಲ್ಲ,
ದೇವರ ತಂಬಿಗೆಗೂ ಅರ್ಧವೇ.

ಏರಿ ಒಡೆದ ವರ್ಷ ಶಿಬ್ಸಾ ನದಿ ಒಳಗೆ ನುಗ್ಗಿತಲ್ಲ,
ನೀರು ಇಳಿಯಿತು, ಉಪ್ಪು ಇಳಿಯಲಿಲ್ಲ.
ನಿನ್ನ ಪಾದ ಒತ್ತಿದರೆ
ಬೆರಳಿನ ಗುಳಿ ಹಾಗೇ ನಿಲ್ಲುತ್ತದೆ.
ಫಿರೋಜಾ ಆಪಾ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವಾಗ
ನಾನು ಅವಳ ಮುಖವನ್ನೇ ನೋಡುತ್ತೇನೆ,
ಅಂಕಿ ಓದಲು ಬಾರದು.

ನನ್ನ ಬಯಕೆಯೂಟಕ್ಕೆ ಒಣಮೀನು ಕೇಳಿದ್ದೆ. ಕೊಟ್ಟರು.
ಬಸುರಿಗೆ ಇಲ್ಲವೆನ್ನಬಾರದಲ್ಲ.
ಹದಿನಾಲ್ಕನೇ ದಿನ ಹಲ್ಲು ಕಚ್ಚಿ ಮೈ ಸೆಟೆಯಿತು.
ಗಾಳಿ ಸೋಕಿದೆಯೆಂದು ಬೇವಿನ ಸೊಪ್ಪಲ್ಲಿ ಬಡಿದರು.
ನಿನ್ನ ಗಂಡ ಎರಡನೆಯವನು.

ಶಂಖ ಊದಿಯಾಯಿತು. ದೀಪ ನಿನ್ನೆದುರೇ ಇದೆ.
ಮೀನಿನ ಕಣ್ಣು ಮೊದಲು ತಿನ್ನು,
ಮಗುವಿನ ಕಣ್ಣಿಗೆ ಒಳ್ಳೆಯದಂತೆ. ನನಗೇನು ಗೊತ್ತು,
ನನ್ನತ್ತೆ ಹೇಳುತ್ತಿದ್ದಳು.

ಸಪ್ಪೆಯೇ?
ಗಂಧೊರಾಜ್ ನಿಂಬೆ ಹಿಂಡಿಕೊ.
ನಾಳೆ ಆಸ್ಪತ್ರೆಗೆ ದೋಣಿ ಹೇಳಿದ್ದೇನೆ.